ಮಾಸ್ತರರು ಬರೆಯಲಾರದ ಹೆಂಡತಿ

ಕಥೆ ಬರೆಯುವುದು ಹೇಗೆ ಎಂದು ಕೇಳಿಕೊಂಡು ಬಂದವರಿಗೆ ನಾನು ಮೊದಲು ಚಹಾ ಕೊಡುತ್ತೇನೆ. ಚಹಾ ಕುಡಿಯುತ್ತ ಅವರು ಸುಮ್ಮನೆ ಆಡುವ ಮಾತನ್ನು ಕೇಳುತ್ತ ಕೂರುತ್ತೇನೆ. ಕೋಲಸಿರ್ಸಿಯಿಂದ ಬರುವಾಗ ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದು, ಅತ್ತಿಗೆ ಮಿಡಿ ಉಪ್ಪಿನಕಾಯಿಯ ಭರಣಿ ಕೊಡುತ್ತೇನೆಂದು ಆಸೆ ಹಚ್ಚಿ ಕೊಡದೇ ಹೋದದ್ದು, ಎಲ್ಲವನ್ನೂ ಎಷ್ಟು ಚೆಂದ ಹೇಳುತ್ತಾರೆ! ಆಮೇಲೆ ಲೋಟ ಕೆಳಗಿಟ್ಟು, ಬ್ಯಾಗಿನಿಂದ ಕಾಗದ ತೆಗೆದು, ಬೆನ್ನು ನೆಟ್ಟಗೆ ಮಾಡಿ ಓದಲು ಶುರುಮಾಡುತ್ತಾರೆ: "ಮೂಡಣದಲ್ಲಿ ನೇಸರನು ತನ್ನ ಹೊಂಗಿರಣಗಳನ್ನು..." ಅಷ್ಟಕ್ಕೇ ನನ್ನ ತಲೆ ಕೆಡುತ್ತದೆ. "ಆ ಸೂರ್ಯ ಅವನ ಪಾಡಿಗೆ ಹುಟ್ಟಲಿ ಮಾರಾಯರೇ, ಅತ್ತಿಗೆಯ ಭರಣಿ ಎಲ್ಲಿ ಹೋಯಿತು?" ಎನ್ನುತ್ತೇನೆ. ಕೆಲವರು ನಗುತ್ತಾರೆ. ಕೆಲವರು ಮುಂದಿನ ವಾರ ಈ ಕಡೆ ತಲೆ ಹಾಕುವುದಿಲ್ಲ.

ನನ್ನ ಮನೆ ಶಿರಸಿ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿದೆ. ಟೆಲಿಫೋನ್ ಕಚೇರಿಯ ನೌಕರಿಯಿಂದ ನಿವೃತ್ತಳಾದ ಮೇಲೆ, ಭಾನುವಾರ ಮಧ್ಯಾಹ್ನ ಬರೆಯುವ ಆಸೆಯವರನ್ನು ಕೂರಿಸಿಕೊಂಡು ಮಾತಾಡುವ ಚಟ ಹಿಡಿಯಿತು. ತರಗತಿ ಎನ್ನುವಷ್ಟು ದೊಡ್ಡದೇನಲ್ಲ. ಆವತ್ತು ಕೆಳಗೆ ಅಂಗಡಿ ಮುಚ್ಚಿರುತ್ತದೆ, ಹೊಸ ಬಟ್ಟೆಯ ಗಂಜಿ ವಾಸನೆ ಮಾತ್ರ ಮೆಟ್ಟಿಲು ಹತ್ತಿ ಬರುತ್ತಿರುತ್ತದೆ. ಊಟ ಮಾಡಿ ಬಂದವರ ಕಣ್ಣು ಎಳೆಯುತ್ತಿರುತ್ತದೆ. ಬೇಕೆಂದೇ ಆ ಹೊತ್ತನ್ನು ಆರಿಸಿದ್ದೇನೆ. ಪೂರ್ತಿ ಎಚ್ಚರವಿದ್ದವನು ಮಾತನ್ನು ಇಸ್ತ್ರಿ ಮಾಡಿ ಆಡುತ್ತಾನೆ. ಅರೆನಿದ್ದೆಯಲ್ಲಿದ್ದವನಿಗೆ ಅಷ್ಟು ತ್ರಾಣ ಇರುವುದಿಲ್ಲ.

ನನ್ನ ಕಥೆಗಳು ಬಂದದ್ದೂ ಹಾಗೆಯೇ. ದಿಂಬಿಗೆ ತಲೆ ಕೊಟ್ಟು, ನಿದ್ದೆ ಬಂತೋ ಇಲ್ಲವೋ ತಿಳಿಯದೆ ತೇಲುತ್ತಿರುವಾಗ ಒಳಗೆಲ್ಲೋ ಯಾರೋ ಮಾತಾಡಿದ ಹಾಗೆ ಕೇಳುತ್ತದೆ. ಪಾತ್ರೆ ಸರಿಸಿದ ಸದ್ದು, ಒಂದು ಅರ್ಧ ಬೈಗುಳ, ಯಾರೋ ಯಾರಿಗೋ "ಹಂಗಾರೆ ಹೋಗು" ಎಂದದ್ದು. ಕಣ್ಣು ಬಿಟ್ಟಿರೋ, ಹೋಯಿತು. ಕಣ್ಣು ಬಿಡದೆ, ಇವರು ಯಾರು ಎಂದು ವಿಚಾರಿಸದೆ ಕೇಳಿಸಿಕೊಳ್ಳುತ್ತ ಇರಬೇಕು. ಬರೆಯಲು ಬಂದವರಿಗೆ ಇದನ್ನು ಹೇಳಿದರೆ, "ಮೇಡಂ, ಪ್ಲಾಟ್ ಹೇಗೆ ಮಾಡುವುದು?" ಎಂದು ಕೇಳುತ್ತಾರೆ. ಪ್ಲಾಟ್ ಮಾಡುವುದು ಪುರಸಭೆಯವರ ಕೆಲಸ, ನನ್ನದಲ್ಲ ಎಂದು ಬಾಯಿಗೆ ಬರುತ್ತದೆ, ನುಂಗುತ್ತೇನೆ.

ಹಾಗೆಂದು ಉಪಯೋಗದ ಮಾತನ್ನು ಹೇಳುವುದೇ ಇಲ್ಲ ಎಂದಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಸುಳ್ಳಿದೆ ಎನ್ನುತ್ತೇನೆ. ಮಾತಾಡುವವರ ಕೈ ಏನು ಮಾಡುತ್ತಿದೆ ನೋಡಿ ಎನ್ನುತ್ತೇನೆ, ಯಾಕೆಂದರೆ ನಮ್ಮ ಕಡೆ ಯಾರೂ ಸುಮ್ಮನೆ ಕೂತು ಮಾತಾಡುವುದಿಲ್ಲ; ಬಾಳೆಕಾಯಿ ಹೆಚ್ಚುತ್ತಲೋ ಎಲೆಅಡಿಕೆಯ ಕವಳ ಮಡಚುತ್ತಲೋ ಮಾತಾಡುತ್ತಾರೆ. ಇನ್ನೊಂದು ಮಾತನ್ನು ಮಾತ್ರ ನಾನಾಗಿ ಕಂಡುಕೊಂಡದ್ದಲ್ಲ. ಅದನ್ನು ನನಗೆ ತಿಳಿಸಿದ್ದು ಒಬ್ಬರು ಮಾಸ್ತರರ ಕಥೆ. ಅದನ್ನೇ ಹೇಳಲು ಕೂತವಳು, ಚಹಾದಲ್ಲೇ ಇಷ್ಟು ಹೊತ್ತು ಕಳೆದೆ.

ಅವರು ಯಲ್ಲಾಪುರದವರು. ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಂದು ಬೇಸಿಗೆಯ ಭಾನುವಾರ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ನೀಟಾಗಿ ಕ್ಲಿಪ್ಪು ಹಾಕಿದ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚಹಾ ಕೊಟ್ಟೆ. ಕುಡಿದರು. ಒಂದು ಮಾತೂ ಆಡಲಿಲ್ಲ. ಸುಮ್ಮನೆ ಚಹಾ ಕುಡಿಯುವ ಜನರನ್ನು ನಾನು ನಂಬುವುದಿಲ್ಲ. "ಎಂತಕ್ಕೆ ಬರೀತ್ರಿ ನಿಂಗ?" ಎಂದು ಕೇಳಿದೆ. ಸಿದ್ದಾಪುರದ ಕಡೆಯ ಹವ್ಯಕರ ಮಗಳಾದ ನನಗೆ ಅವರ ಮುಖ ನೋಡಿದರೇ ಮನೆಮಾತು ಯಾವುದೆಂದು ಗೊತ್ತಾಗಿತ್ತು.

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಗಳು ಬಾಣಂತನಕ್ಕೆ ಬಂಜು," ಎಂದರು, ಬಂದಿದ್ದಾಳೆ ಎಂದು.

ಅವರಿಗೆ ಒಬ್ಬಳೇ ಮಗಳು, ಹುಬ್ಬಳ್ಳಿಯಲ್ಲಿ ಸಂಸಾರ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಆ ತವರಿನಲ್ಲಿ ತಾಯಿ ಇಲ್ಲ. ಮಗಳಿಗೆ ಮೂರು ತುಂಬುವ ಮೊದಲೇ ಹೋಗಿಬಿಟ್ಟಿದ್ದರು. ದೊಡ್ಮನೆಯ ಚಿಕ್ಕಮ್ಮ ಬಂದು, "ನಮ್ಮನಿಗೆ ಬಾರೆ, ಗಂಡಸು ಎಂತ ಬಾಣಂತನ ಮಾಡ್ತ?" ಎಂದು ಎಷ್ಟು ಕರೆದರೂ ಹುಡುಗಿ ಹೋಗಲಿಲ್ಲ. ಅಪ್ಪನ ಮನೆಗೇ ಬಂದಳು. ಬಂದವಳು ದಿನಾ ಒಂದೇ ಪ್ರಶ್ನೆ ಕೇಳುತ್ತಾಳೆ.

"ಆಯಿ ಹ್ಯಾಂಗಿತ್ತು ಹೇಳಿ ಕೇಳ್ತು," ಎಂದರು ಮಾಸ್ತರರು. ನಮ್ಮ ಮನೆಮಾತಿನಲ್ಲಿ ತಾಯಿ ಎಂದರೆ ಆಯಿ, ನನಗೆ ಎಂದರೆ ಯಂಗೆ, 'ಎಂದು' ಎನ್ನಲು 'ಹೇಳಿ'. ಹೆಂಗಸರನ್ನು 'ಅದು' ಎಂದೇ ಹೇಳುವುದು ರೂಢಿ, ಅದರಲ್ಲಿ ಅಗೌರವ ಏನೂ ಇಲ್ಲ. "ಒಳ್ಳೆದಿತ್ತು ಹೇಳಿದೆ. ಎಲ್ಲರೂ ಅದನ್ನೇ ಹೇಳ್ತ, ಒಳ್ಳೆದು ಅಂದ್ರೆ ಎಂತು ಅಪ್ಪಯ್ಯ, ಯಂಗೆ ಅದರ ಒಂದು ಮಾತೂ ನೆನಪಿಲ್ಲೆ ಹೇಳಿ ಅಳ್ತು. ತಾನೇ ಆಯಿ ಆಗುದರೊಳಗೆ ತನ್ನ ಆಯಿ ಯಾರು ಹೇಳಿ ಗೊತ್ತಾಗವಡ. ಯಂಗೆ ಬಾಯಲ್ಲಿ ಹೇಳುಲೆ ಬತ್ತಿಲ್ಲೆ. ಅದ್ಕೆ ಕಥೆ ಬರದು ಕೊಡುವ ಹೇಳಿ."

ಪ್ರಶಸ್ತಿಗೆ, ಪತ್ರಿಕೆಗೆ, ಸೊಸೆಗೆ ಬುದ್ಧಿ ಕಲಿಸುವುದಕ್ಕೆ ಬರೆಯುವವರನ್ನು ಕಂಡಿದ್ದೆ. ಹುಟ್ಟುವ ಮಗುವಿಗೆ ಮೊದಲು ಅದರ ಅಜ್ಜಿಯನ್ನು ತಂದುಕೊಡಬೇಕೆಂದು ಬರೆಯಲು ಹೊರಟವರನ್ನು ಕಂಡಿರಲಿಲ್ಲ. "ಓದಿ ನೋಡುವ," ಎಂದೆ.

ಅವರು ಓದಿದರು. "ಪೂರ್ಣಚಂದ್ರನನ್ನು ನಾಚಿಸುವ ವದನಾರವಿಂದದ ಆಕೆಯು ಮಂದಹಾಸವನ್ನು ಬೀರುತ್ತ, 'ಪ್ರಾಣಕಾಂತಾ, ಉಪಾಹಾರವು ಸಿದ್ಧವಾಗಿದೆ' ಎಂದು ಉಸುರಿದಳು. 'ಪ್ರಿಯೆ, ನಿನ್ನ ಕೈಯಡುಗೆಯು ಅಮೃತಸಮಾನ' ಎಂದು ನಾನು ನುಡಿದೆನು."

ಅಯ್ಯೋ ನನ್ನ ದೇವರೇ! ಮೂಲೆಯಲ್ಲಿ ಕೂತಿದ್ದ ಲಾರಿ ಆಫೀಸಿನ ಸಾಹೇಬರು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ಅವರು ನನ್ನ ಖಾಯಂ ಗಿರಾಕಿ. ಶಿರಸಿಯಲ್ಲಿ ಹಿರಿಯರಿಂದ ಬಂದ ಲಾರಿ ಬುಕಿಂಗಿನ ವ್ಯಾಪಾರ. ಅರ್ಧ ಹುಬ್ಬಳ್ಳಿ, ಅರ್ಧ ಶಿರಸಿಯ ಮಾತಿನಲ್ಲಿ ಡ್ರೈವರುಗಳ ಕಥೆ ಬರೆಯುತ್ತಾರೆ. ವಾಕ್ಯ ಓರೆಕೋರೆ, ಆದರೆ ಜನ ಮಾತ್ರ ಜೀವಂತ.

"ಮಾಸ್ತರೇ," ಎಂದೆ, ಆದಷ್ಟು ಮೆತ್ತಗೆ. "ನಿಮ್ಮ ಜನ್ಮದಲ್ಲಿ ಒಂದೇ ಒಂದು ಸಲ ಹೆಂಡತಿಯನ್ನು ಪ್ರಿಯೆ ಅಂತ ಕರೆದದ್ದುಂಟಾ?"

"ಇಲ್ಲೆ."

"ಅವರು ನಿಮ್ಮನ್ನು ಪ್ರಾಣಕಾಂತ ಅಂದದ್ದು?"

ಮಾಸ್ತರರ ಕಿವಿ ಕೆಂಪಾಯಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಇವರೂ ಬರುವವರಲ್ಲ ಎಂದುಕೊಂಡೆ. ಆದರೆ ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು. ಹೊಸದಾಗಿ ಬರೆದು ತಂದಿದ್ದರು. ಈ ಸಲ ಚಂದ್ರ ಹೋಗಿದ್ದ, ಅವನ ಜಾಗಕ್ಕೆ ವ್ರತ ಬಂದಿತ್ತು. ಹೆಂಡತಿ ಬೆಳಿಗ್ಗೆ ಎದ್ದು ತುಳಸಿಗೆ ನೀರೆರೆದಳು, ಅತ್ತೆಯ ಕಾಲು ಒತ್ತಿದಳು, ಭಿಕ್ಷುಕನಿಗೆ ತನ್ನ ಪಾಲಿನ ಅನ್ನ ಕೊಟ್ಟಳು, ಎಂದೂ ಎದುರಾಡಲಿಲ್ಲ, ಎಂದೂ ಮುಖ ಸಿಂಡರಿಸಲಿಲ್ಲ. ಫ್ಯಾನು ತಿರುಗುತ್ತಿತ್ತು. ನನಗೆ ನಿಜವಾಗಿ ನಿದ್ದೆ ಬಂತು.

"ಮಾಸ್ತರ್, ತಪ್ಪ್ ತಿಳ್ಕೋಬ್ಯಾಡ್ರಿ," ಎಂದರು ಸಾಹೇಬರು. "ನಮ್ಮ ಮನೆಯಾಕಿ ನನಗ ಒಂದ್ ಸಲಾನೂ ಬೈದಿಲ್ಲ ಅಂತ ನಾ ಬರದ್ರ, ಆಕಿನೇ ಬಂದು ಬೈತಾಳ ನೋಡ್ರಿ, ಹಿಂಗ್ಯಾಕ ಸುಳ್ಳ ಬರದಿ ಅಂತ."

"ಸತ್ತವರ ಬಗ್ಗೆ ಹಂಗೆಲ್ಲ ಹೇಳುಲಾಗ," ಎಂದರು ಮಾಸ್ತರರು.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಸತ್ತ ಎಮ್ಮೆಗೆ ಹನ್ನೆರಡು ಸೇರು ಹಾಲಂತೆ!" ಎಂದುಬಿಟ್ಟೆ.

ನನ್ನ ನಾಲಿಗೆಗೆ ಎಲುಬಿಲ್ಲ ಎಂದು ನನ್ನಮ್ಮ ಹೇಳುತ್ತಿದ್ದುದು ಸುಳ್ಳಲ್ಲ. ಮಾಸ್ತರರು ನಿಧಾನವಾಗಿ ತಲೆ ಎತ್ತಿದರು. ಮೊದಲ ಸಲ ಅವರ ಕಣ್ಣಿನಲ್ಲಿ ಸಿಟ್ಟು ಕಂಡಿತು. "ಅದು ಎಮ್ಮೆ ಅಲ್ಲ," ಎಂದರು. "ಅದಕ್ಕೆ ನಿಂಗಳ ಹಂಗೇ ಸಿಟ್ಟು ಬತ್ತಿತ್ತು. ಅಂಥಾ ಮಾತು ಕೇಳಿದ್ರೆ ಸೌಟು ತಗಂಡು ಬತ್ತಿತ್ತು."

"ಹಾಂ!" ಎಂದೆ. ಸಾಹೇಬರೂ "ಹಾಂ!" ಎಂದರು. ಆ ಎರಡು ವಾರಗಳಲ್ಲಿ ಮೊದಲ ಸಲ ಆ ಹೆಂಗಸು ನಮ್ಮ ಮಾಳಿಗೆಯ ಕೋಣೆಯೊಳಗೆ ಕಾಲಿಟ್ಟಿದ್ದರು, ಕೈಯಲ್ಲಿ ಸೌಟು ಹಿಡಿದುಕೊಂಡು. ನನಗೆ ಖುಷಿಯಿಂದ ಮೈ ಜುಮ್ಮೆಂದಿತು.

"ಅವರನ್ನು ಏನಂತ ಕರೀತಿದ್ರಿ?" ಎಂದು ಕೇಳಿದೆ. ಬರೆಯುವವರಿಗೆಲ್ಲ ನಾನು ಕೇಳುವ ಪ್ರಶ್ನೆ ಇದು. ಒಂದು ಮನೆಯಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಗೊತ್ತಾದರೆ ಅರ್ಧ ಕಥೆ ಸಿಕ್ಕಿದ ಹಾಗೆ.

ಮಾಸ್ತರರು ಕಿಟಕಿಯ ಕಡೆ ನೋಡಿದರು. "ಕರದ್ದೇ ಇಲ್ಲೆ," ಎಂದರು. ಅದು ಅವರಿಗೂ ಆಗಲೇ ಗೊತ್ತಾದದ್ದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಹಳೆಯ ತಲೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳುತ್ತಿರಲಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ ಎಂದು. ಟೆಲಿಫೋನ್ ಕಚೇರಿಯಲ್ಲಿ ನಾನು ಟ್ರಂಕ್ ಕಾಲ್ ಜೋಡಿಸುತ್ತಿದ್ದ ಕಾಲದಲ್ಲಿ ಪಿ.ಪಿ. ಕಾಲ್ ಎಂದು ಒಂದಿತ್ತು. ಯಾರ ಜೊತೆ ಮಾತಾಡಬೇಕೋ ಅವರ ಹೆಸರು ಹೇಳಿ ಬುಕ್ ಮಾಡಬೇಕು. ಗಂಡಸರು ಬೂತಿನಲ್ಲಿ ನಿಂತು ಬೆವರುತ್ತಿದ್ದರು. "ಯಾರ ಹತ್ರ ಮಾತಾಡಬೇಕು?" "ಮನೇಲಿ." "ಮನೇಲಿ ಯಾರ ಹತ್ರ?" "ಅದೇ... ಮನೆಯವರ ಹತ್ರ." "ಹೆಸರು ಹೇಳ್ರಿ ಮಾರಾಯ್ರೆ, ಹಿಂದೆ ಸಾಲು ನಿಂತಿದೆ!" ಕೊನೆಗೆ ಹೆಂಡತಿಯ ಹೆಸರು ಹೇಳಲಾರದೆ ತಮ್ಮನ ಹೆಸರಿಗೇ ಬುಕ್ ಮಾಡಿ, ತಮ್ಮನ ಹತ್ತಿರ ಹವಾಮಾನ ಮಾತಾಡಿ ಹೋದವರಿದ್ದಾರೆ.

"ಹಾಗಾದರೆ ಅವರು ಬೇಕಾದಾಗ ಏನು ಮಾಡ್ತಿದ್ರಿ?"

"ಬಾಗಿಲ ಹತ್ರ ನಿಂತು ಕೆಮ್ಮತಿದ್ದೆ," ಎಂದರು. "ಚಾ ಬೇಕಾದ್ರೆ ಒಂದು ಕೆಮ್ಮು. ನೆಂಟರು ಬಂದ್ರೆ ಬೇರೆ ಕೆಮ್ಮು. ಅದಕ್ಕೆ ಗೊತ್ತಾಗ್ತಿತ್ತು."

"ಕೆಮ್ಮಿ ತೋರಿಸಿ," ಎಂದೆ.

ನಾಚಿಕೊಂಡರು. ಬಿಡಲಿಲ್ಲ ನಾನು. ಕೊನೆಗೆ ಎದ್ದು ನನ್ನ ಅಡಿಗೆಮನೆಯ ಬಾಗಿಲ ಬಳಿ ಹೋಗಿ ನಿಂತರು, ಒಂದು ಸಣ್ಣ ಕೆಮ್ಮು ಕೆಮ್ಮಿದರು. ಗಂಟಲಿನ ತುದಿಯಿಂದ ಬಂದ, ಯಾರಿಗೂ ತೊಂದರೆ ಕೊಡದ ಕೆಮ್ಮು. ಕೆಮ್ಮಿ ಅಲ್ಲೇ ನಿಂತರು. ಮಧ್ಯಾಹ್ನದ ಬಿಸಿಲು ಒಳಗಿನ ಸ್ಟೀಲ್ ಡಬ್ಬಿಗಳ ಮೇಲೆ ಬಿದ್ದಿತ್ತು. ಎಲ್ಲರೂ ಆ ಬಾಗಿಲನ್ನೇ ನೋಡುತ್ತಿದ್ದೆವು, ಯಾರೋ ಹೊರಗೆ ಬರುತ್ತಾರೆ ಎಂಬಂತೆ. ನಾನಂತೂ ನನ್ನ ಮನೆಯಲ್ಲಿಯೇ ಇನ್ನೊಬ್ಬರ ಮನೆಯೊಳಗೆ ಕೂತ ಹಾಗಿದ್ದೆ.

"ಅವರು ಏನನ್ನುತ್ತಿದ್ದರು?" ಎಂದು ಪಿಸುಗುಟ್ಟಿದೆ.

"ಬೆಕ್ಕಿಗೆ ಹೇಳ್ತಿತ್ತು," ಎಂದರು ಮಾಸ್ತರರು, ತಿರುಗದೆ. "ಬೆಕ್ಕೇ, ಎಂತ ಬೇಕಡ ಕೇಳು, ಹೇಳಿ."

ನಾನು ನಕ್ಕುಬಿಟ್ಟೆ. ಹೌದಲ್ಲ! ಎಷ್ಟು ಮನೆಗಳಲ್ಲಿ ಕೇಳಿದ್ದೆ. ಗಂಡನ ಹತ್ತಿರ ನೇರವಾಗಿ ಮಾತಾಡಿದರೆ ಹಿರಿಯರು ಏನೆಂದಾರು ಎಂದು ಹೆಂಗಸರು ಬೆಕ್ಕಿಗೆ, ಕರುವಿಗೆ, ಗೋಡೆಗೆ ಹೇಳುತ್ತಿದ್ದರು. ಹಿರಿಯರು ಹೋದ ಮೇಲೂ ಆ ರೂಢಿ ಹೋಗುತ್ತಿರಲಿಲ್ಲ. ಅದರಲ್ಲೇ ಎಲ್ಲ ಸಲಿಗೆಯೂ ಇತ್ತು, ನೇರವಾಗಿ ಹೇಳಲಾಗದ ಬೈಗುಳವೂ ಇತ್ತು.

"ಕೂಸು ಹುಟ್ಟಿದ ಮೇಲೆ ಬೆಕ್ಕಿಗೆ ಹೇಳುದು ಬಿಡ್ತು," ಎಂದರು. ನಮ್ಮಲ್ಲಿ ಹೆಣ್ಣುಮಗುವಿಗೆ ಕೂಸು ಎನ್ನುತ್ತಾರೆ. "ಎಲ್ಲಾ ಕೂಸಿನ ಹತ್ರನೇ ಹೇಳ್ತಿತ್ತು. ಕೂಸೇ, ಅಪ್ಪಯ್ಯಂಗೆ ಹೇಳು, ಅಂಗಿ ಗುಂಡಿ ತಪ್ಪಿ ಹೋಜು, ಶಾಲೆ ಮಕ್ಕ ನಗಾಡ್ತ. ಕೂಸೇ, ಅಪ್ಪಯ್ಯಂಗೆ ಹೇಳು, ತಂಬುಳಿಗೆ ಉಪ್ಪು ಸಾಲದ್ದೇ ಇದ್ರೆ ಬಾಯಿ ಬಿಟ್ಟು ಹೇಳವು, ಮೋರೆ ಊದಿಸ್ಕಂಡು ಉಂಬುದಲ್ಲ..." ಹೇಳುತ್ತ ಹೇಳುತ್ತ ಅವರ ಧ್ವನಿ ಬದಲಾಗುತ್ತ ಹೋಯಿತು, ಚುರುಕಾಯಿತು, ಸ್ವಲ್ಪ ಮೇಲೇರಿತು. ಆ ಮಾತಿನ ಒಡತಿಯೇ ಆಡಿದ ಹಾಗಿತ್ತು. ಮಾಸ್ತರರು ಹಠಾತ್ತನೆ ನಿಲ್ಲಿಸಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು.

"ಕಥೆ ಬಂತಲ್ರಿ ಮಾಸ್ತರ್," ಎಂದರು ಸಾಹೇಬರು.

ನಾನು ಹೇಳಿದ್ದು ಇಷ್ಟೇ: ಇದನ್ನೇ ಬರೆಯಿರಿ. ಅವರು ಕೂಸಿಗೆ ಹೇಳಿದ ಮಾತು ಮಾತ್ರ. ನಿಮ್ಮದೊಂದು ವಿಶೇಷಣ ಸೇರಿಸಿದರೂ ನಾನು ನೋಡಿಕೊಳ್ಳುತ್ತೇನೆ. ಒಳ್ಳೆಯವಳು ಎಂಬ ಶಬ್ದ ಎಲ್ಲಿಯೂ ಬರಬಾರದು.

ಅದಾದ ಮೇಲೆ ಮಾಸ್ತರರು ಕೆಲವು ವಾರ ಬರಲಿಲ್ಲ. ಮಧ್ಯಾಹ್ನ ಮಲಗಿದರೆ ನನಗೆ ಅದೇ ಧ್ಯಾನ. ಅರೆನಿದ್ದೆಯಲ್ಲಿ ನೋಡಿಲ್ಲದ ಒಬ್ಬ ಹೆಂಗಸು ಒಳಗಿನಿಂದ, "ಕೂಸೇ, ಈ ಮುದುಕಿಗೆ ಹೇಳು, ಮಲಗಿದ್ದು ಸಾಕಡ," ಎಂದ ಹಾಗಾಗುತ್ತಿತ್ತು. ನಗುತ್ತಲೇ ಎಚ್ಚರಾಗುತ್ತಿದ್ದೆ. ಇನ್ನೊಬ್ಬರ ಪಾತ್ರ ನನ್ನ ನಿದ್ದೆಗೆ ಬಂದದ್ದು ಅದೇ ಮೊದಲು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಒಂದು ದಿನ ಫೋನ್ ಬಂತು. "ಬರದ್ದು ಮುಗತ್ತು," ಎಂದರು ಮಾಸ್ತರರು. ಧ್ವನಿಯಲ್ಲಿ ಸಂತೋಷ ಇರಲಿಲ್ಲ. "ಆದ್ರೆ ಕೊನೇ ಪುಟ ಇಡವ, ತೆಗೆಯವ ಗೊತ್ತಾಗ್ತಿಲ್ಲೆ."

ಕೊನೆಯ ಪುಟದಲ್ಲಿ ಏನಿದೆ ಎಂದು ಹೇಳಿದರು. ಪರೀಕ್ಷೆಯ ಕಾಲ. ಅವರು ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದರು. ಒಳಗಿನಿಂದ ಮಾತು ಬಂತು: "ಕೂಸೇ, ಅಪ್ಪಯ್ಯಂಗೆ ಹೇಳು, ಯಂಗೆ ಎಂತೋ ಆಗ್ತಿಲ್ಲೆ." ನನಗೆ ಯಾಕೋ ಮೈ ಸರಿಯಿಲ್ಲ ಎಂದು. ದಿನಾ ಬರುವಂಥದ್ದೇ ಒಂದು ಗೊಣಗಾಟ ಎಂದುಕೊಂಡರು. ಕೂಸು ಪುಟ್ಟ ಹೆಜ್ಜೆ ಹಾಕುತ್ತ ಬಂದು ಅವರ ಮೊಣಕಾಲು ಹಿಡಿದು, ತನ್ನ ತೊದಲಿನಲ್ಲಿ ಅದನ್ನೇ ಹೇಳಿತು. "ಹೂಂ, ಬತ್ತೆ ಹೇಳು," ಎಂದು ಕೂಸನ್ನು ಒಳಗೆ ಕಳಿಸಿ ಪತ್ರಿಕೆಗಳ ಕಡೆ ತಿರುಗಿದರು. ಆಮೇಲೆ ಒಳಗಿನಿಂದ ಮಾತು ಬರಲಿಲ್ಲ. ಮಾತು ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದೇ ಆ ಮನೆಯ ಲೆಕ್ಕ. ಹೊತ್ತು ಇಳಿದ ಮೇಲೆ ಒಳಗೆ ಹೋದರೆ ಹೆಂಡತಿ ನೆಲದ ಮೇಲೆ ಬಿದ್ದಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮೊದಲೇ ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಮಾಸ್ತರರು ಅದನ್ನು ಇವತ್ತಿನವರೆಗೂ ನಂಬಿಲ್ಲ.

"ಇದು ಕೂಸಿಗೆ ಗೊತ್ತಿಲ್ಲೆ," ಎಂದರು. "ಓದಿದ್ರೆ ಯನ್ನ ಮೋರೆ ನೋಡ್ತಿಲ್ಲೆ ಅದು. ಇಂಥಾ ಹೊತ್ತಲ್ಲಿ ಅದಕ್ಕೆ ಇದ್ದಿದ್ದು ಅಪ್ಪ ಒಬ್ಬವ. ಓದದ್ದೇ ಇದ್ರೆ... ಅದರ ಆಯಿ ಯನ್ನ ಮನೆಲಿ ಆಡಿದ ಕೊನೇ ಮಾತು ಅದು. ಎಂತ ಮಾಡ್ಲಿ?"

ಸತ್ಯ ಬರೆಯಿರಿ ಎನ್ನುವುದು ಸುಲಭ. ತುಂಬು ಬಸುರಿ ಮಗಳ ಎದುರು ಕೂತು ಅದನ್ನು ಓದಬೇಕಾದವಳು ನಾನಲ್ಲವಲ್ಲ. "ನಾನು ಬರ್ತೇನೆ," ಎಂದೆ.

ಶಿರಸಿಯಿಂದ ಯಲ್ಲಾಪುರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ದಾರಿಯುದ್ದಕ್ಕೂ ಕಾಡು, ಬಿಸಿಲೂ ನೆರಳೂ ಒಂದರ ಹಿಂದೊಂದು ಕಣ್ಣುರೆಪ್ಪೆಯ ಮೇಲೆ ಹಾಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಯಾರೋ ಮಾಗೋಡಿನ ಜಲಪಾತದಲ್ಲಿ ಈಗ ನೀರಿದೆಯೋ ಇಲ್ಲವೋ ಎಂದು ವಾದ ಮಾಡುತ್ತಿದ್ದರು. ನಿದ್ದೆಯೋ ಎಚ್ಚರವೋ, ಕೊನೆಯ ಪುಟವನ್ನು ನಾನೇ ನಾಲ್ಕಾರು ರೀತಿ ಬರೆದೆ. ಒಂದರಲ್ಲಿ ಮಾಸ್ತರರು ಪೆನ್ನು ಕೆಳಗಿಟ್ಟು ಎದ್ದು ಒಳಗೆ ಓಡುತ್ತಾರೆ. ಎಷ್ಟು ಚೆಂದ ಇತ್ತು ಅದು! ಬಸ್ಸು ಕುಲುಕಿ ಕಣ್ಣು ಬಿಟ್ಟೆ. ಸುಳ್ಳು ಚೆಂದ ಇದ್ದರೆ ನನಗೆ ಬಹಳ ದುಃಖವಾಗುತ್ತದೆ.

ಮಾಸ್ತರರದ್ದು ಪೇಟೆಯ ಹಿಂದಿನ ಓಣಿಯಲ್ಲಿ ಸಣ್ಣ ಹೆಂಚಿನ ಮನೆ. ಎದುರಿಗೆ ಜಗಲಿ, ಹಿಂದೆ ಅಡಿಗೆಮನೆ, ನಡುವೆ ಒಂದು ಕೋಣೆ. ಮಗಳು ಬಾಗಿಲು ತೆರೆದಳು. ಗಟ್ಟಿ ದವಡೆ, ಚುರುಕು ಕಣ್ಣು, ಸೊಂಟಕ್ಕೆ ಕೈ. "ನೀವೇ ಅಪ್ಪಯ್ಯನ್ನ ಬೈಯುವವ್ರಾ?" ಎಂದು ನಕ್ಕಳು. "ಒಳ್ಳೆ ಕೆಲ್ಸ. ಈ ಮನೇಲಿ ಬೈಯುವವ್ರು ಯಾರೂ ಇರ್ಲಿಲ್ಲ." ನನಗೆ ಅವಳು ತಕ್ಷಣ ಇಷ್ಟವಾದಳು.

ಮಾಸ್ತರರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಓದಿದರು. ಚಂದ್ರ ಇರಲಿಲ್ಲ, ವ್ರತ ಇರಲಿಲ್ಲ. ಒಂದರ ಹಿಂದೊಂದು ಬರೀ ಮಾತು. ಕೂಸೇ, ಅಪ್ಪಯ್ಯಂಗೆ ಹೇಳು. ಗುಂಡಿ, ತಂಬುಳಿ, ಚಿಕ್ಕಮ್ಮನ ಮದುವೆಗೆ ಸೀರೆ ತರದೇ ಇದ್ದದ್ದು, ಕೊನೆಗೆ ತಂದ ಸೀರೆಯ ಬಣ್ಣ ಸುಡುಗಾಡು ಎಂದದ್ದು, ಆಮೇಲೆ ಅದನ್ನೇ ಹಬ್ಬಕ್ಕೆಲ್ಲ ಉಟ್ಟದ್ದು. ಮಗಳು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. "ಇಷ್ಟು ಜಗಳಗಂಟಿಯಾ ಆಯಿ!" ಎಂದಳು. "ಯನ್ನ ಹಂಗೇ!" ಆಮೇಲೆ ತಟ್ಟನೆ ನಗು ನಿಲ್ಲಿಸಿ ಕೇಳಿದಳು, "ಅಪ್ಪಯ್ಯ, ಇಷ್ಟನ್ನೂ ಯನ್ನ ಹತ್ರ ಹೇಳಿದ್ದಾ?"

"ನಿನ್ನ ಹತ್ರವೇ ಹೇಳಿದ್ದು. ಯನ್ನ ಹತ್ರ ಒಂದೂ ಹೇಳಿದ್ದಿಲ್ಲೆ."

ಅವಳು ತುಟಿ ಕಚ್ಚಿಕೊಂಡಳು. ತಾಯಿಯ ಒಂದು ಮಾತೂ ತನ್ನ ಪಾಲಿಗಿಲ್ಲ ಎಂದು ದೊಡ್ಡವಳಾದ ಹುಡುಗಿ ಅವಳು. ಕಣ್ಣೀರು ಇಳಿಯಲು ಬಿಟ್ಟಳು. ನಾನೂ ಅತ್ತೆ, ನಾಚಿಕೆಯೇನು.

ಮಾಸ್ತರರು ಕಾಗದಗಳನ್ನು ಸೇರಿಸಿ ಮಡಚಿದರು. "ಇಷ್ಟೇ," ಎಂದರು. ನನ್ನ ಕಡೆ ನೋಡಲಿಲ್ಲ. ಒಂದು ಹಾಳೆ ಮಾತ್ರ ಅವರ ತೊಡೆಯ ಕೆಳಗೆ ಉಳಿದಿತ್ತು. ಅವಳ ಚುರುಕು ಕಣ್ಣಿಗೆ ಅದು ಬಿತ್ತು.

"ಅದೆಂತು?"

"ಅದು... ಸರಿಯಾಗಿ ಬಂದಿದ್ದಿಲ್ಲೆ."

"ಕೊಡು," ಎಂದು ಕೈ ಚಾಚಿದಳು. ಮಾಸ್ತರರು ಒಮ್ಮೆ ನನ್ನ ಮುಖ ನೋಡಿದರು. ತಲೆ ಆಡಿಸಲೂ ಇಲ್ಲ, ಬೇಡ ಎನ್ನಲೂ ಇಲ್ಲ ನಾನು. ಅವರು ಹಾಳೆಯನ್ನು ಮಗಳ ಕೈಗೆ ಕೊಟ್ಟು ನೆಲ ನೋಡುತ್ತ ಕೂತರು.

ಅವಳು ಮನಸ್ಸಿನಲ್ಲೇ ಪೂರ್ತಿ ಓದಿದಳು. ಓಣಿಯಲ್ಲಿ ಸೈಕಲ್ ಬೆಲ್ಲು ಕೇಳಿತು, ದೂರವಾಯಿತು. ಅವಳ ಮುಖದಲ್ಲಿ ಬಣ್ಣ ಹೋಗುವುದು ನೋಡಿದೆ, ದವಡೆ ಬಿಗಿಯುವುದು ನೋಡಿದೆ. ಅಪ್ಪನನ್ನು ಒಂದು ಸಲ ನೋಡಿದಳು, ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನು ತಡೆದುಕೊಳ್ಳುತ್ತಿರಲಿಲ್ಲ. ಆಮೇಲೆ ಮತ್ತೆ ಹಾಳೆಯ ಮೇಲಿನ ಸಾಲಿಗೆ ಹೋಗಿ, ಈ ಸಲ ಬಾಯಿಬಿಟ್ಟು, ನಿಧಾನವಾಗಿ, ತನ್ನದೇ ಧ್ವನಿಯಲ್ಲಿ ಓದಿದಳು.

"ಕೂಸೇ, ಅಪ್ಪಯ್ಯಂಗೆ ಹೇಳು. ಯಂಗೆ ಎಂತೋ ಆಗ್ತಿಲ್ಲೆ."

ಮಾಸ್ತರರು ಕುರ್ಚಿಯಿಂದ ಎದ್ದರು. "ಬಂದೆ," ಎಂದರು. "ಬಂದೆ, ಬಂದೆ." ಪಂಚೆ ಎತ್ತಿ ಹಿಡಿದು, ಹೊಸ್ತಿಲಿಗೆ ಕಾಲು ತಾಗಿದರೂ ನಿಲ್ಲದೆ, ನಡುಕೋಣೆ ದಾಟಿ ಅಡಿಗೆಮನೆಯ ಒಳಗೆ ಹೋದರು. ಒಳಗೆ ಯಾರೂ ಇರಲಿಲ್ಲ. ಅವರು ಅಲ್ಲೇ ನಿಂತಿರುವುದು ಜಗಲಿಯಿಂದ ಕಾಣುತ್ತಿತ್ತು, ಬೆನ್ನು ಮಾತ್ರ.

ಮಗಳು ಗೋಡೆ ಹಿಡಿದು ಕಷ್ಟದಿಂದ ಎದ್ದಳು. ನಾನು ಕೈ ಕೊಡಲು ಹೋದರೆ ಬೇಡ ಎಂದು ತಲೆಯಾಡಿಸಿದಳು. ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ನಡೆದು ಹೋಗಿ, ಅಪ್ಪನ ಪಕ್ಕದಲ್ಲಿ ನಿಂತು, ಅವರ ಅಂಗಿಯ ತೋಳು ಹಿಡಿದುಕೊಂಡಳು.

"ಆಯಿ," ಎಂದಳು, ಖಾಲಿ ಒಲೆಯ ಕಡೆ ನೋಡುತ್ತ, "ಅಪ್ಪಯ್ಯ ಬಂದ."

ನಾನು ಜಗಲಿಯಲ್ಲಿ ಚಪ್ಪಲಿ ಹಾಕಿಕೊಂಡೆ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.